ಅಜ್ಜಿಯ ಬೀರುವಿನಲ್ಲಿದ್ದ ಬಾಟಲಿ

ನಮ್ಮ ಮನೆ ದೊಡ್ಡನೆಕ್ಕುಂದಿಯಲ್ಲಿ, ಕೆರೆಗೆ ಹತ್ತು ನಿಮಿಷದ ನಡಿಗೆ. ಮನೆಯಲ್ಲಿ ನಾವು ಆರು ಜನ: ನಾನು, ನನ್ನಾಕೆ, ಮಗ, ಸೊಸೆ, ಆರನೇ ಕ್ಲಾಸಿನ ಮೊಮ್ಮಗಳು, ಈಗಷ್ಟೇ ಮೂರು ತಿಂಗಳು ತುಂಬಿದ ಪಾಪು. ಈ ಪಾಪುವಿನ ಹಾಲಿನ ವಿಷಯವಾಗಿ ಒಂದು ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಾಗಲಿಲ್ಲ.

ಸೊಸೆ ರಿಂಗ್ ರೋಡಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಹೆರಿಗೆ ರಜೆಯಲ್ಲಿದ್ದರೂ ಜೊತೆಯವರೆಲ್ಲ ಒತ್ತಾಯ ಮಾಡಿದರೆಂದು ಒಂದು ರಾತ್ರಿ ಊಟಕ್ಕೆ ಹೋದಳು. ಹೆರಿಗೆಯಾದ ಮೇಲೆ ಮನೆ ಬಿಟ್ಟು ಹೊರಟಿದ್ದು ಅದೇ ಮೊದಲು. ಹತ್ತೂವರೆಗೆ ಬಂದಳು. ಪಾಪು ಅಳುತ್ತಿತ್ತು. ಎತ್ತಿಕೊಳ್ಳುವ ಬದಲು ಸೀದಾ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿನ ನಂತರ ಹಾಲು ಹಿಂಡುವ ಪಂಪಿನ ಸದ್ದು ಕೇಳಿಸಿತು. ಹನ್ನೊಂದೂ ಇಪ್ಪತ್ತರ ಹೊತ್ತಿಗೆ ಬಾಟಲಿ ಹಿಡಿದು ಅಡುಗೆಮನೆಗೆ ಬಂದವಳು 120 ಮಿ.ಲೀ. ಹಾಲನ್ನು ಸಿಂಕಿಗೆ ಸುರಿದಳು. ಕಣ್ಣಲ್ಲಿ ನೀರು. ಊಟದಲ್ಲಿ ಒಂದು ಗ್ಲಾಸ್ ವೈನ್ ಕುಡಿದಿದ್ದಳಂತೆ. ಪಾಪುವಿಗೆ ಆ ರಾತ್ರಿ ಡಬ್ಬಿ ಹಾಲು. ಅದಕ್ಕೆ ಅದು ಹಿಡಿಸಲಿಲ್ಲ, ಬೆಳಗಿನ ಜಾವದ ತನಕ ಅತ್ತಿತು.

ನನ್ನಾಕೆ ರಾತ್ರಿ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಎಲ್ಲವನ್ನೂ ಸೇರಿಸಿ ಆಡಿದಳು. "ಬಾಣಂತಿ ಅನ್ನೋದು ನೆನಪಿರ್ಲಿಲ್ವಾ? ಹಾಲು ಕುಡಿಯೋ ಕೂಸಿನ ತಾಯಿ ಅದನ್ನ ಮುಟ್ಟಬಹುದಾ?" ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ಬೈದು ಮುಗಿಸಿದ ಮೇಲೆ ನನ್ನಾಕೆ ರೂಢಿಯಂತೆ ಬೀರುವಿನಿಂದ ದಶಮೂಲಾರಿಷ್ಟದ ಬಾಟಲಿ ತೆಗೆದು, ಲೋಟಕ್ಕೆ ಬಗ್ಗಿಸಿ, ಬಿಸಿನೀರು ಬೆರೆಸಿ ಮುಂದೆ ಹಿಡಿದಳು. ಹೆರಿಗೆಯಾದಾಗಿನಿಂದ ದಿನಕ್ಕೆರಡು ಸಲ ತಪ್ಪದ ಸೇವೆ ಅದು.

ಸೊಸೆ ಲೋಟ ತೆಗೆದುಕೊಳ್ಳಲಿಲ್ಲ, ಬಾಟಲಿ ತೆಗೆದುಕೊಂಡಳು. ಲೇಬಲ್ ತಿರುಗಿಸಿ ಓದಿದಳು. "ಅತ್ತೆ, ಇದರಲ್ಲೂ ಇದೆ. ತಾನಾಗಿ ಉತ್ಪತ್ತಿಯಾದ ಆಲ್ಕೋಹಾಲ್ ಅಂತ ಬರೆದಿದ್ದಾರೆ, ನೂರಕ್ಕೆ ಐದರಿಂದ ಹತ್ತು ಭಾಗ."

ನಲವತ್ತು ವರ್ಷದ ಸಂಸಾರದಲ್ಲಿ ನನ್ನಾಕೆ ಮಾತಿಲ್ಲದೆ ನಿಂತಿದ್ದನ್ನು ನಾನು ನೋಡಿದ್ದು ಅಪರೂಪ. ಅದು ಅಂಥ ಒಂದು ಸಂದರ್ಭ.

ಓದುಗರಲ್ಲಿ ನನ್ನ ವಯಸ್ಸಿನವರಿಗೆ ಇದು ಹೊಸದಲ್ಲ. ಬಿಲ್ವ, ನೆಗ್ಗಿಲು ಮೊದಲಾದ ಹತ್ತು ಬೇರುಗಳ ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಹಾಕಿ ಹುಳಿಯಲು ಇಟ್ಟರೆ ಅರಿಷ್ಟವಾಗುತ್ತದೆ. ಹುಳಿಯುವಾಗ ಬೆಲ್ಲದ ಸಕ್ಕರೆ ಒಂದಿಷ್ಟು ಮದ್ಯಸಾರವಾಗುತ್ತದೆ. ಯಾರೂ ಹೊರಗಿನಿಂದ ಸೇರಿಸಿದ್ದಲ್ಲ, ಆದರೆ ಇರುವುದಂತೂ ನಿಜ. ಅದು ಔಷಧಿ ಎಂದು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದ ನನಗೆ ಲೆಕ್ಕಕ್ಕೆ ತೆಗೆದುಕೊಳ್ಳದ ಬಾಬತ್ತು ಎಂದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಜೊತೆಗೆ, ನಮ್ಮ ಮನೆಯಲ್ಲಿ ಹೀಗೆ ಲೆಕ್ಕ ತಪ್ಪಿದ್ದು ಇದೇ ಮೊದಲಲ್ಲ.

1984ರ ಡಿಸೆಂಬರ್. ಆಗ ನಾವು ಹಲಸೂರಿನಲ್ಲಿ ಬಾಡಿಗೆಗಿದ್ದೆವು. ಮಗ ಹುಟ್ಟಿ ಇಪ್ಪತ್ತೈದು ದಿನ. ಬಾಣಂತಿ ಕೋಣೆಯಲ್ಲಿ ಕೆಂಡದ ಬಾಂಡ್ಲಿ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ನನ್ನಮ್ಮನೇ ಬಾಣಂತನ ಮಾಡುತ್ತಿದ್ದರು. ಆ ವರ್ಷ ಚಳಿ ಜೋರು. ಕಂಟೋನ್ಮೆಂಟ್ ಕಡೆ ಹಲವು ಮನೆಗಳಲ್ಲಿ ಬಾಣಂತಿಗೆ ಶೀತವಾಗಬಾರದೆಂದು ಬ್ರಾಂದಿ ಕೊಡುವ ವಾಡಿಕೆಯಿತ್ತು. ಕುಡಿತವೆಂದರೆ ಆಗದ ಮನೆಗಳಲ್ಲೂ ಈ ಒಂದಕ್ಕೆ ರಿಯಾಯಿತಿ. ಔಷಧಿ ತರುವಷ್ಟೇ ಸಲೀಸಾಗಿ ನಾನೇ ಅಂಗಡಿಗೆ ಹೋಗಿ 180 ಮಿ.ಲೀ.ನ ಕ್ವಾರ್ಟರ್ ಬಾಟಲಿ ತಂದುಕೊಟ್ಟಿದ್ದೆ.

ಒಂದು ಸಂಜೆ ಮಗುವಿಗೆ ಮೂಗು ಕಟ್ಟಿತ್ತು. ಅಮ್ಮ ಅರ್ಧ ಚಮಚ ಬ್ರಾಂದಿಯನ್ನು ಜೇನಿನಲ್ಲಿ ಬೆರೆಸಿ ನಾಲಿಗೆಗೆ ಸವರಿದರು. ಮಗು ಸುಮ್ಮನಾಯಿತು. ಗುಣ ಕಂಡಿತೆಂದು ಇನ್ನರ್ಧ ಚಮಚ ಕೊಟ್ಟರು. ಮಗು ಮಲಗಿತು. ಒಂಬತ್ತಕ್ಕೆ ಮಲಗಿದ್ದು ಹನ್ನೆರಡಾದರೂ ಹಾಲಿಗೆ ಏಳಲಿಲ್ಲ, ಎರಡಾದರೂ ಏಳಲಿಲ್ಲ. ನನ್ನಾಕೆ ಎದೆಗೆ ಹಿಡಿದರೆ ಬಾಯಿ ತೆರೆಯಲಿಲ್ಲ. ಪಾದಕ್ಕೆ ಚಿಟಿಕೆ ಹೊಡೆದರೆ ಸಣ್ಣಗೆ ಮುಲುಗುವುದು, ಮತ್ತೆ ಕಣ್ಣು ಮುಚ್ಚುವುದು. ನಾಲ್ಕು ಗಂಟೆಗೆ ಕಂಬಳಿಯಲ್ಲಿ ಸುತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಡ್ಯೂಟಿ ಡಾಕ್ಟರು ಮಗುವಿನ ಬಾಯಿ ಮೂಸಿ ನೋಡಿ ನಮ್ಮ ಮುಖ ನೋಡಿದರು. ಆ ನೋಟ ಇವತ್ತಿಗೂ ಮರೆತಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಗ್ಲುಕೋಸ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಮಗು ಹಾಲು ಕುಡಿಯಿತು. ನನ್ನಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತರು.

ಅವರನ್ನು ಆಗಲೂ ದೂರಲಿಲ್ಲ, ಈಗಲೂ ದೂರುವುದಿಲ್ಲ. ಬಾಟಲಿ ತಂದವನು ನಾನು, ಬಿ.ಕಾಂ. ಓದಿದವನು. ಒಂದು ತ್ರೈರಾಶಿ ಲೆಕ್ಕ ಹಾಕಿದ್ದರೆ ಸಾಕಿತ್ತು. ಮಗು ಮೂರು ಕೆ.ಜಿ. ನಾನು ಅರವತ್ತು ಕೆ.ಜಿ. ಅಂದರೆ ಇಪ್ಪತ್ತು ಪಟ್ಟು. ಮಗುವಿಗೆ ಹೋದ 5 ಮಿ.ಲೀ. ಎಂದರೆ ನನಗೆ 100 ಮಿ.ಲೀ. ಮೂರು ಸ್ಮಾಲ್ ಪೆಗ್ಗಿಗಿಂತ ಜಾಸ್ತಿ! ಅದರ ಮೇಲೆ, ಹಸುಗೂಸಿನ ಪಿತ್ತಜನಕಾಂಗ, ಅಂದರೆ ಲಿವರ್, ಇನ್ನೂ ಬಲಿತಿರುವುದಿಲ್ಲ. ದೊಡ್ಡವರಂತೆ ಮದ್ಯಸಾರವನ್ನು ಬೇಗ ಕರಗಿಸಲು ಅದಕ್ಕೆ ಆಗುವುದಿಲ್ಲ. (ಜೇನೂ ತಪ್ಪೇ. ಒಂದು ವರ್ಷ ತುಂಬುವ ತನಕ ಮಕ್ಕಳಿಗೆ ಜೇನು ಕೊಡಬಾರದೆಂದು ಈಗ ವೈದ್ಯರು ಹೇಳುತ್ತಾರೆ. ಆಗ ನಮಗೆ ಅದೂ ಗೊತ್ತಿರಲಿಲ್ಲ.)

ಇಷ್ಟೆಲ್ಲ ಮಾತು ನಡೆಯುವಾಗ ಮೊಮ್ಮಗಳು ಶೂ ಹಾಕಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಸಂಜೆ ಶಾಲೆಯಿಂದ ಬಂದವಳೇ ನನ್ನ ಪಕ್ಕ ಕೂತಳು. "ತಾತ, ನಮ್ಮಪ್ಪನಿಗೆ ಚಮಚದಲ್ಲಿ ಕೊಟ್ರು, ಸರಿ. ಆದ್ರೆ ಅಮ್ಮ ಕುಡಿದಿದ್ದು ಅಮ್ಮನ ಹೊಟ್ಟೆಗೆ ಹೋಯ್ತಲ್ವಾ? ಪಾಪುಗೆ ಹೇಗೆ ಹೋಗುತ್ತೆ?"

ಮಕ್ಕಳೇ, ನಿಮಗೂ ಇದೇ ಪ್ರಶ್ನೆ ಬಂದಿರಬಹುದು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ದೇವರ ಮನೆಯಲ್ಲಿ ಊದುಬತ್ತಿ ಹಚ್ಚಿದರೆ ಅದರ ವಾಸನೆ ಹಾಲ್‌ಗೂ ಬರುತ್ತದಲ್ಲವೇ? ಮಧ್ಯದ ಬಾಗಿಲು ತೆರೆದೇ ಇರುತ್ತದೆ. ಅಮ್ಮನ ರಕ್ತ ದೇವರ ಮನೆ, ಅಮ್ಮನ ಹಾಲು ಹಾಲ್. ಹೊಟ್ಟೆಯಿಂದ ರಕ್ತಕ್ಕೆ ಸೇರಿದ ಮದ್ಯಸಾರ ಆ ತೆರೆದ ಬಾಗಿಲಲ್ಲಿ ಹಾಲಿಗೂ ಬರುತ್ತದೆ. ರಕ್ತದಲ್ಲಿ ಎಷ್ಟಿದೆಯೋ ಹಾಲಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದು ಅತಿ ಹೆಚ್ಚಿರುತ್ತದೆ. ಊಟದ ಜೊತೆಗೆ ಕುಡಿದಿದ್ದರೆ ಇನ್ನಷ್ಟು ತಡವಾಗಿ ಏರುತ್ತದೆ.

ಇನ್ನು ಊದುಬತ್ತಿ ಆರಿ, ಕಿಟಕಿ ತೆರೆದರೆ? ದೇವರ ಮನೆಯ ವಾಸನೆ ಹೋದ ಹಾಗೆ ಹಾಲ್‌ನದೂ ಹೋಗುತ್ತದೆ. ರಕ್ತದಲ್ಲಿ ಇಳಿದಂತೆ ಹಾಲಿನಲ್ಲೂ ತಾನಾಗಿ ಇಳಿಯುತ್ತದೆ. ಹಾಲೆಂದರೆ ಸಿಂಟೆಕ್ಸ್ ಟ್ಯಾಂಕಿನಲ್ಲಿ ತುಂಬಿಟ್ಟ ನೀರಲ್ಲ, ಒಮ್ಮೆ ಕೆಟ್ಟರೆ ಪೂರ್ತಿ ಖಾಲಿ ಮಾಡಿ ತೊಳೆಯಬೇಕು ಅನ್ನುವುದಕ್ಕೆ. ಹಿಂಡಿ ಚೆಲ್ಲಿದರೆ ಬೇಗ ಶುದ್ಧವಾಗುವುದೂ ಇಲ್ಲ. ರಕ್ತದಲ್ಲಿ ಮದ್ಯಸಾರ ಇರುವ ತನಕ ಹೊಸದಾಗಿ ಬರುವ ಹಾಲಿನಲ್ಲೂ ಅದು ಇದ್ದೇ ಇರುತ್ತದೆ. ಎದೆ ಬಿಗಿದು ನೋವಾದರೆ ಹಿಂಡಬೇಕು, ಅದು ಬೇರೆ ಮಾತು. ಕಾಫಿ ಕುಡಿದರೆ, ತಣ್ಣೀರು ಸ್ನಾನ ಮಾಡಿದರೆ, ನೀರು ಕುಡಿದರೆ ಬೇಗ ಇಳಿಯುತ್ತದೆ ಎನ್ನುವುದೂ ಸುಳ್ಳು. ಇಳಿಸುವುದು ಹೊತ್ತು ಒಂದೇ.

"ಎಷ್ಟು ಹೊತ್ತು?" ಎಂದಳು ಮೊಮ್ಮಗಳು. "ನೋಟ್‌ಬುಕ್ ತಾ" ಎಂದೆ.

ಮೊದಲ ಸಾಲು: ಕುಡಿದ ಮಿ.ಲೀ.ಯನ್ನು ಲೇಬಲ್ ಮೇಲಿನ ಶೇಕಡಾದಿಂದ ಗುಣಿಸಿ, ನೂರರಿಂದ ಭಾಗಿಸು. ಮದ್ಯಸಾರ ನೀರಿಗಿಂತ ಹಗುರ, ಆದ್ದರಿಂದ ಬಂದದ್ದನ್ನು 0.8ರಿಂದ ಗುಣಿಸು. ಗ್ರಾಂ ಸಿಗುತ್ತದೆ. ಎರಡನೇ ಸಾಲು: ಐವತ್ತೈದು ಕೆ.ಜಿ. ತೂಕದ ಹೆಂಗಸಿನ ದೇಹ ಗಂಟೆಗೆ ಸುಮಾರು 5ರಿಂದ 6 ಗ್ರಾಂ ಕರಗಿಸುತ್ತದೆ. ನಾವು ಜಾಗ್ರತೆಗೆ 5 ಎಂದು ಹಿಡಿಯೋಣ. ಇದು ಕಡಿಮೆಯಾಗುವ ಬಾಕಿಯ ಮೇಲಿನ ಬಡ್ಡಿಯಂತಲ್ಲ, ಕಂತು ಕಟ್ಟಿದಂತೆ. ಬಾಕಿ ಎಷ್ಟೇ ಇರಲಿ, ಗಂಟೆಗೆ ಕಟ್ಟುವ ಕಂತು ಅಷ್ಟೇ. ದುಪ್ಪಟ್ಟು ಕುಡಿದರೆ ದುಪ್ಪಟ್ಟು ಹೊತ್ತು.

ಅವಳ ಅಮ್ಮ ಕುಡಿದದ್ದು 150 ಮಿ.ಲೀ. ವೈನ್, ಶೇಕಡಾ 12.5. ಲೆಕ್ಕ ಹಾಕಿದಳು: 15 ಗ್ರಾಂ, 3 ಗಂಟೆ. ಕುಡಿದು ಮುಗಿಸಿದ್ದು ಎಂಟೂಕಾಲಕ್ಕೆ. ಅಂದರೆ ಹನ್ನೊಂದೂಕಾಲಕ್ಕೆ ಬಾಕಿ ಸೊನ್ನೆ.

ಹಾಲು ಚೆಲ್ಲಿದ್ದು ಹನ್ನೊಂದೂ ಇಪ್ಪತ್ತಕ್ಕೆ!

ಸೊಸೆ ನೋಟ್‌ಬುಕ್ ನೋಡಿ ಸುಮ್ಮನೆ ಕೂತಳು. ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕಡಿಮೆ ಬಂದು ರಾತ್ರಿ ಎಂಟರ ತನಕ ಹುಡುಕಿ, ಕೊನೆಗೆ ಕೂಡಿದ್ದೇ ತಪ್ಪೆಂದು ಗೊತ್ತಾದಾಗ ನಮ್ಮ ಮುಖವೂ ಹಾಗೇ ಆಗುತ್ತಿತ್ತು.

ನಮ್ಮೂರಿನ ಅಳತೆಗಳಿಗೆ ಈ ಲೆಕ್ಕ ಹಾಕಿದರೆ ಕಣ್ಣು ತೆರೆಯುತ್ತದೆ. ವೈದ್ಯರ ಸಲಹೆಗಳಲ್ಲಿ ಬರುವ 'ಒಂದು ಡ್ರಿಂಕ್' ಅಮೆರಿಕದ ಅಳತೆಯಲ್ಲಿ 14 ಗ್ರಾಂ. ಅಂಥ ಒಂದಕ್ಕೆ ಕನಿಷ್ಠ 2 ಗಂಟೆ ಕಾಯಿರಿ ಎಂದು ಅಲ್ಲಿಯ ಸರ್ಕಾರದ ಆರೋಗ್ಯ ಇಲಾಖೆ ಹೇಳುತ್ತದೆ. ಕುಡಿಯದಿರುವುದೇ ಎಲ್ಲಕ್ಕಿಂತ ಸುರಕ್ಷಿತ ಎನ್ನುವುದನ್ನೂ ಅದು ಮೊದಲೇ ಹೇಳಿಬಿಡುತ್ತದೆ. ಆದರೆ ನಮ್ಮಲ್ಲಿ 'ಒಂದು' ಎಂದರೆ ಏನು? 60 ಮಿ.ಲೀ.ನ ಲಾರ್ಜ್ ವಿಸ್ಕಿಯಲ್ಲಿ, ಶೇಕಡಾ 42.8ರಂತೆ, 20 ಗ್ರಾಂ ದಾಟುತ್ತದೆ. ನಾಲ್ಕು ಗಂಟೆ. 'ಬರೀ ಬಿಯರು' ಎನ್ನುವ 650 ಮಿ.ಲೀ.ನ ಸ್ಟ್ರಾಂಗ್ ಬಾಟಲಿ ಶೇಕಡಾ 8 ಇದ್ದರೆ 41 ಗ್ರಾಂ ದಾಟುತ್ತದೆ, ಅಂದರೆ ಎಂಟು ಗಂಟೆಗೂ ಹೆಚ್ಚು. ಮೂರು ತಿಂಗಳ ಕೂಸು ಅಷ್ಟು ಹೊತ್ತು ಹಾಲಿಲ್ಲದೆ ಇರುವುದುಂಟೇ? ತೂಕ ಕಡಿಮೆ ಇರುವ ತಾಯಿಗೆ ಇನ್ನೂ ಹೆಚ್ಚು ಹೊತ್ತು ಬೇಕು.

ಅರಿಷ್ಟಕ್ಕೂ ಲೆಕ್ಕ ಹಾಕಿದೆವು, ನನ್ನಾಕೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. 20 ಮಿ.ಲೀ., ಹೆಚ್ಚೆಂದರೆ ಶೇಕಡಾ 10. ಒಂದೂವರೆ ಗ್ರಾಮಿನ ಆಸುಪಾಸು, ಇಪ್ಪತ್ತು ನಿಮಿಷ. ಹಾಲು ಕೊಟ್ಟಾದ ಮೇಲೆ ಕುಡಿದರೆ ಮುಂದಿನ ಹಾಲಿನ ಹೊತ್ತಿಗೆ ಏನೂ ಉಳಿಯುವುದಿಲ್ಲ. "ನೋಡ್ರೀ, ನಂದು ಬರೀ ಇಪ್ಪತ್ತು ನಿಮಿಷ" ಎಂದಳು, ಕೇಸು ಗೆದ್ದವಳಂತೆ. ಆದರೆ ಅವಳು ಬಗ್ಗಿಸುತ್ತಿದ್ದದ್ದು ಅಳತೆಯ ಮುಚ್ಚಳದಲ್ಲಲ್ಲ, ಕಣ್ಣಂದಾಜಿನಲ್ಲಿ. ಮೊಮ್ಮಗಳು ಅಳೆದು ನೋಡಿದಳು: 55 ಮಿ.ಲೀ.

ಇದರಲ್ಲೊಂದು ಪ್ರಶ್ನೆ ಉಳಿಯುತ್ತದೆ. ಹಾಲಿನ ಮೂಲಕ ಮಗುವಿಗೆ ಹೋಗುವುದು ಅಷ್ಟು ಕಡಿಮೆಯಾದರೆ ಯಾಕೆ ಇಷ್ಟು ಗಲಾಟೆ? ನಿಜ, ಯಾವಾಗಲೋ ಒಂದು ಗ್ಲಾಸಿನಿಂದ ಹಾಲಿಗೆ ಬರುವುದು ಬಹಳ ಕಡಿಮೆ, ಚಮಚದಲ್ಲಿ ಬ್ರಾಂದಿ ಹಾಕಿದ್ದಕ್ಕೆ ಹೋಲಿಸಲೇಬಾರದು. ಆ ಒಂದು ಗ್ಲಾಸಿಗೆ ಹೆದರಿ ಹಾಲು ಕೊಡುವುದನ್ನೇ ಬಿಡುವುದು ದೊಡ್ಡ ನಷ್ಟ. ತೊಂದರೆಯೆಲ್ಲ ದಿನಾ ಕುಡಿಯುವುದರಲ್ಲಿ, ಎರಡು ಮೂರು ಕುಡಿಯುವುದರಲ್ಲಿ ಇದೆ. ಆಗ ಮಗುವಿನ ನಿದ್ದೆ, ಬೆಳವಣಿಗೆ ಎರಡೂ ಕೆಡಬಹುದು. ಇನ್ನೊಂದು ಸಂಗತಿ ಹಾಲಿನದೇ. ಬಿಯರ್ ಕುಡಿದರೆ ಹಾಲು ಹೆಚ್ಚುತ್ತದೆ ಎಂಬ ನಂಬಿಕೆ ಪ್ರಪಂಚದ ತುಂಬ ಇದೆ. ಐರ್ಲೆಂಡ್, ಇಂಗ್ಲೆಂಡಿನಲ್ಲಿ ಬಾಣಂತಿಯರಿಗೆ ಕಪ್ಪು ಬಣ್ಣದ ಸ್ಟೌಟ್ ಬಿಯರ್ ಕೊಡುತ್ತಿದ್ದರು. ಅಮೆರಿಕದ ದೊಡ್ಡ ಬಿಯರ್ ಕಂಪನಿಯೊಂದು 1895ರಲ್ಲಿ ಮಾಲ್ಟ್-ನ್ಯೂಟ್ರಿನ್ ಎಂಬ ಪಾನೀಯ ಮಾಡಿ ಔಷಧಿ ಅಂಗಡಿಗಳಲ್ಲಿ ಬಾಣಂತಿಯರ ಟಾನಿಕ್ಕೆಂದು ಮಾರಿತು. ಬಿಯರಿಗೂ ನಮ್ಮ ಬೆಂಗಳೂರಿಗೂ ಹಳೆಯ ನಂಟು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬವರು ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ಬ್ರಿಟಿಷ್ ಸೈನಿಕರಿಗೆ ದೊಡ್ಡ ಪೀಪಾಯಿಗಳಲ್ಲಿ ಬಿಯರು ಎತ್ತಿನ ಗಾಡಿಯಲ್ಲಿ ಹೋಗುತ್ತಿತ್ತಂತೆ.

ಈ ನಂಬಿಕೆಯನ್ನು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಜೂಲಿ ಮೆನೆಲ್ಲಾ, ಗ್ಯಾರಿ ಬೋಷಾಂ ಎಂಬ ವಿಜ್ಞಾನಿಗಳು ಪರೀಕ್ಷಿಸಿ ನೋಡಿದರು. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ತಾಯಿ ಮದ್ಯಸಾರ ಬೆರೆಸಿದ ಕಿತ್ತಳೆ ರಸ ಕುಡಿದಾಗ ಹಾಲಿನ ವಾಸನೆಯೇ ಬದಲಾಯಿತು. ಮುಂದಿನ ಕೆಲವು ಗಂಟೆ ಮಕ್ಕಳಿಗೆ ಸಿಕ್ಕಿದ ಹಾಲು ಎಂದಿಗಿಂತ ಕಡಿಮೆ. ಮುಂದೆ 2005ರಲ್ಲಿ ಮೆನೆಲ್ಲಾ ಅವರ ತಂಡ ಇದರ ಕಾರಣವನ್ನೂ ತೋರಿಸಿತು. ಹಾಲು ಇಳಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಮದ್ಯಸಾರ ಕುಗ್ಗಿಸುತ್ತದೆ. ಎದೆ ತುಂಬಿದಂತೆ ಅನಿಸುತ್ತದೆ, ಮಗುವಿಗೆ ಸಿಗುವುದು ಕಡಿಮೆ. ತುಂಬಿದ ಎದೆಯನ್ನು ನೋಡಿ ಬಿಯರಿನಿಂದ ಹಾಲು ಹೆಚ್ಚಿತು ಎಂದುಕೊಂಡಿರಬೇಕು ಹಿಂದಿನವರು.

ನಮ್ಮ ಅಜ್ಜಿಯರು ಹಾಲು ಹೆಚ್ಚಲಿ ಎಂದು ಬಾಣಂತಿಗೆ ಹಾಕುತ್ತಿದ್ದದ್ದು ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ. ಅದೇ ಸಬ್ಬಸಿಗೆಯ ಎಣ್ಣೆ ಗ್ರೈಪ್ ವಾಟರಿನಲ್ಲೂ ಇದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿ 1851ರಲ್ಲಿ ಅದನ್ನು ತಯಾರಿಸಿದ. ದೂರದರ್ಶನದ ಜಾಹೀರಾತಿನಲ್ಲಿ ಅಜ್ಜಿ, ಮುತ್ತಜ್ಜಿ ಸಾಲಾಗಿ ಬಂದು ಅದನ್ನೇ ಕೊಡಿ ಎನ್ನುತ್ತಿದ್ದದ್ದು ನಮ್ಮ ಪೀಳಿಗೆಗೆ ನೆನಪಿದೆ. ಹಳೆಯ ಆ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಶೇಕಡಾ 3.6ರಷ್ಟು ಮದ್ಯಸಾರವೂ ಇತ್ತು! ಇಂಗ್ಲೆಂಡಿನಲ್ಲಿ ಅದನ್ನು ತೆಗೆದದ್ದು 1992ರಲ್ಲಿ. ಗ್ರೈಪ್ ವಾಟರ್ ಕುಡಿದು ಮಗು ಸುಮ್ಮನಾದದ್ದು ಸಬ್ಬಸಿಗೆಯಿಂದಲೋ ಮತ್ತೊಂದರಿಂದಲೋ ಎಂದು ಈಗ ಯಾರನ್ನು ಕೇಳೋಣ?

ಮುಂದಿನ ಸೋಮವಾರ ಪಾಪುವಿಗೆ ಹದಿನಾಲ್ಕು ವಾರದ ಚುಚ್ಚುಮದ್ದು. ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿದ್ದೆವು. ಡಾಕ್ಟರಮ್ಮ ಲೆಕ್ಕ ನೋಡಿ ನಕ್ಕರು, ಸರಿಯಿದೆ ಎಂದರು. ನಂತರ ನಗು ನಿಲ್ಲಿಸಿ ಕೇಳಿದರು: "ರಾತ್ರಿ ಪಾಪು ಎಲ್ಲಿ ಮಲಗುತ್ತೆ?"

ಎಲ್ಲಿ ಎಂದರೆ? ನಮ್ಮೆಲ್ಲರ ಮನೆಯಂತೆ ಅಪ್ಪ ಅಮ್ಮನ ನಡುವೆ.

ಆಗ ಅವರು ಹೇಳಿದ್ದು ನಾವು ಯಾರೂ ಯೋಚಿಸದ ಮಾತು. ಒಂದು ಗ್ಲಾಸಿನಿಂದ ಹಾಲಿಗೆ ಬರುವ ಮದ್ಯಸಾರಕ್ಕಿಂತ ಅವರಿಗೆ ಹೆಚ್ಚು ಭಯ ಹಾಸಿಗೆಯದಂತೆ. ಕುಡಿದವರ ನಿದ್ದೆ ಗಾಢ. ಕೈ ಮಗುವಿನ ಮೂಗಿನ ಮೇಲೆ ಬಿದ್ದರೂ, ರಜಾಯಿ ಮುಖಕ್ಕೆ ಬಂದರೂ ಎಚ್ಚರವಾಗುವುದಿಲ್ಲ. ಮಗು ಉಸಿರುಕಟ್ಟಿ ಹೋಗಬಹುದು. ಇದು ತಾಯಿಗಷ್ಟೇ ಅಲ್ಲ, ಪಾರ್ಟಿ ಮುಗಿಸಿ ಬಂದು ಪಕ್ಕದಲ್ಲಿ ಮಲಗುವ ಅಪ್ಪನಿಗೂ ಅನ್ವಯ. ನಿದ್ದೆ ಮಾತ್ರೆ ನುಂಗುವ ತಾತನಿಗೂ ಅನ್ವಯ ಎಂದು ನನ್ನ ಕಡೆ ನೋಡಿದರು. ನಾನು ಮಧ್ಯಾಹ್ನ ಪಾಪುವನ್ನು ಎದೆ ಮೇಲೆ ಹಾಕಿಕೊಂಡು ಸೋಫಾದಲ್ಲಿ ತೂಕಡಿಸುವುದನ್ನು ಸೊಸೆ ಹೇಳಿಬಿಟ್ಟಳು. ಮಗುವಿನ ಜೊತೆ ನಿದ್ದೆ ಹೋಗಲು ಸೋಫಾದಷ್ಟು ಅಪಾಯದ ಜಾಗ ಇನ್ನೊಂದಿಲ್ಲವಂತೆ. ವೈನ್ ಕುಡಿದದ್ದಕ್ಕೆ ಸೊಸೆಗೆ ಸಿಕ್ಕಿದ ಬೈಗುಳಕ್ಕಿಂತ ಹೆಚ್ಚು ನನಗೆ ಸಿಕ್ಕಿತು. ನನ್ನಾಕೆಗೆ ಬಹಳ ಸಂತೋಷವಾಯಿತು.

ಮಗ ಈವರೆಗೆ ಈ ಕಥೆಯಲ್ಲಿ ಬಂದಿಲ್ಲ. ಬರಬೇಕು. ಸೊಸೆಯ ಒಂದು ಗ್ಲಾಸಿಗೆ ಮನೆಯೆಲ್ಲ ಎದ್ದು ಕೂತಿತು. ಅವನು ಶನಿವಾರಗಳಂದು ಎರಡು ಲಾರ್ಜ್ ಮುಗಿಸಿ ಬಂದು ಅದೇ ಹಾಸಿಗೆಯಲ್ಲಿ ಮಲಗಿದ್ದನ್ನು ಮೂರು ತಿಂಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ಡಾಕ್ಟರಮ್ಮನ ಮುಂದೆ ಅವನು ಮೊಬೈಲ್ ನೋಡುವಂತೆ ನಟಿಸಿದ. ಅಂದು ಸಂಜೆಯೇ ಅಟ್ಟದಿಂದ ಹಳೆಯ ತೊಟ್ಟಿಲು ಇಳಿಸಿದ. 1984ರಲ್ಲಿ ಅವನೇ ಮಲಗಿದ್ದ ತೊಟ್ಟಿಲು.

ದಿನಾ ಕುಡಿಯುವ, ಬಿಡಲಾಗದ ತಾಯಿ ಅಥವಾ ತಂದೆಯಿರುವ ಮನೆಗೆ ಈ ನೋಟ್‌ಬುಕ್ ಲೆಕ್ಕ ಸಾಲದು. ಅದು ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಪ್ರತ್ಯೇಕ ಕೇಂದ್ರವಿದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿದ್ದರೂ, ಮೂರು ತಿಂಗಳೊಳಗಿನ ಕೂಸಿದ್ದರೂ ಪೂರ್ತಿ ದೂರವಿರುವುದೇ ಮೇಲು. ಎಂದಾದರೂ ಹೊರಗೆ ಊಟಕ್ಕೆ ಹೋಗುವ ಸಂದರ್ಭ ಇದ್ದರೆ ಮೊದಲೇ ಹಾಲು ತೆಗೆದಿಟ್ಟು ಹೋಗಬಹುದು. ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡುವುದಿಲ್ಲ, ಹೊರಗೆ ಇಟ್ಟರೆ ನಾಲ್ಕು ಗಂಟೆ. ನಮ್ಮ ಬೇಸಿಗೆಯಲ್ಲಿ ಅಷ್ಟನ್ನೂ ನಂಬಬೇಡಿ.

ಮೊಮ್ಮಗಳ ಲೆಕ್ಕದ ಹಾಳೆ ಈಗ ಫ್ರಿಜ್ಜಿನ ಬಾಗಿಲಲ್ಲಿದೆ. ಅರಿಷ್ಟವನ್ನು ಮುಂದುವರಿಸಬೇಕೋ ಬೇಡವೋ ಎಂದು ವೈದ್ಯರನ್ನು ಕೇಳಿದೆವು. ಮೂರು ತಿಂಗಳಾಯಿತಲ್ಲ, ಸಾಕು ಎಂದರು. ನನ್ನಾಕೆ ಬೀರು ಪೂರ್ತಿ ಖಾಲಿ ಮಾಡಿ, ಕನ್ನಡಕ ಹಾಕಿಕೊಂಡು, ಕೆಮ್ಮಿನ ಸಿರಪ್ಪು, ಟಾನಿಕ್ಕು, ಹೋಮಿಯೋಪತಿ ಶೀಶೆ ಒಂದೊಂದನ್ನೂ ಬೆಳಕಿಗೆ ಹಿಡಿದು ಓದಿದಳು. ತೀರ ಹಿಂದೆ, ರೇಷ್ಮೆ ಸೀರೆಗಳ ಮರೆಯಲ್ಲಿ, ಒಂದು ಕ್ವಾರ್ಟರ್ ಬ್ರಾಂದಿ ಇತ್ತು. ಯಾರಿಗಾಗಿ ತಂದಿಟ್ಟದ್ದು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸಿಂಕಿನ ನಲ್ಲಿ ಜೋರಾಗಿ ತಿರುಗಿಸಿದ ಸದ್ದು ಕೇಳಿಸಿತು.